70 ವರ್ಷವೋ, 56 ವರ್ಷವೋ?

ಮಾನ್ಯ ಸಂಪಾದಕರೇ,

ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ನ್ಯೂಕ್ಯಾಸಲ್ ಯುನೈಟೆಡ್ ಬಗ್ಗೆ ನಿಮ್ಮ ಕ್ರೀಡಾ ಪುಟದಲ್ಲಿ ಬಂದ ಲೇಖನ ಓದಿದೆ. 2025ರ ಮಾರ್ಚ್‌ನಲ್ಲಿ ಲಿವರ್‌ಪೂಲ್ ತಂಡವನ್ನು 2–1ರಿಂದ ಸೋಲಿಸಿ ಲೀಗ್ ಕಪ್ ಗೆದ್ದದ್ದನ್ನು ಚೆನ್ನಾಗಿ ಬರೆದಿದ್ದೀರಿ. ಆದರೆ ‘70 ವರ್ಷಗಳ ನಂತರ ಮೊದಲ ಟ್ರೋಫಿ’ ಎನ್ನುವ ಸಾಲು ಓದಿ ಸುಮ್ನೆ ಇರಲಾಗಲಿಲ್ಲ. 1955ರ ಎಫ್‌ಎ ಕಪ್ ನಂತರ ಅವರಿಗೆ ಸಿಕ್ಕ ಮೊದಲ ದೊಡ್ಡ ದೇಶೀಯ ಕಪ್ ಇದು, ನಿಜ. ಆದರೆ ನಡುವೆ, 1969ರಲ್ಲಿ, ಅವರು ಯುರೋಪಿನ ಕಪ್ಪನ್ನೇ ಗೆದ್ದಿದ್ದರಲ್ಲ! ಅದನ್ನು ಲೆಕ್ಕಕ್ಕೆ ಹಿಡಿದರೆ 56 ವರ್ಷ.

ಆ ಕಪ್ಪಿನ ಹೆಸರು ಇಂಟರ್-ಸಿಟೀಸ್ ಫೇರ್ಸ್ ಕಪ್. ಹೆಸರು ಕೇಳಿ ‘ಫೇರ್ ಪ್ಲೇ’ಗೆ ಕೊಡುವ ಬಹುಮಾನ ಅಂದುಕೊಂಡವರೂ ಇದ್ದಾರೆ. ಇಲ್ಲಿ ಫೇರ್ ಅಂದರೆ ವ್ಯಾಪಾರ ಮೇಳ. ಎರಡನೇ ಮಹಾಯುದ್ಧ ಮುಗಿದ ಮೇಲೆ ಯುರೋಪಿನ ದೊಡ್ಡ ಊರುಗಳಲ್ಲಿ ಮತ್ತೆ ಮೇಳಗಳು ಕಳೆಗಟ್ಟಿದ್ದವು. ಮೇಳ ನಡೆಯುವ ಊರುಗಳ ನಡುವೆ ಫುಟ್‌ಬಾಲ್ ಆಡಿಸೋಣ ಎಂದು ಸ್ವಿಟ್ಜರ್ಲೆಂಡಿನ ಅರ್ನ್ಸ್ಟ್ ಥೊಮ್ಮೆನ್, ಇಟಲಿಯ ಒಟ್ಟೊರಿನೊ ಬರಾಸಿ, ಇಂಗ್ಲೆಂಡಿನ ಸ್ಟ್ಯಾನ್ಲಿ ರೌಸ್ 1955ರಲ್ಲಿ ಹೊರಟರು. ಆಡಬೇಕಾದದ್ದು ಕ್ಲಬ್ಬುಗಳಲ್ಲ, ಊರುಗಳು ಎನ್ನುವುದು ಅವರ ಲೆಕ್ಕ. ವಿಯೆನ್ನಾ, ಕಲೋನ್ ಹಿಂದೆ ಸರಿದ ಮೇಲೆ ಹತ್ತು ಊರು ಉಳಿದವು.

ಪಂದ್ಯಗಳನ್ನು ಮೇಳದ ದಿನಗಳಿಗೆ ಹೊಂದಿಸಬೇಕಿತ್ತು. ಹಾಗಾಗಿ ಒಂದೇ ಒಂದು ಟೂರ್ನಿ ಮುಗಿಯಲು ಮೂರು ವರ್ಷ ಹಿಡಿಯಿತು! 1955ರಲ್ಲಿ ಶುರುವಾದದ್ದು ಮುಗಿದದ್ದು 1958ರ ಮೇ 1ಕ್ಕೆ. ಲಂಡನ್ ಬೇರೆ ಬೇರೆ ಕ್ಲಬ್ಬುಗಳಿಂದ ಆಟಗಾರರನ್ನು ಹೆಕ್ಕಿ ಊರಿನ ತಂಡ ಕಟ್ಟಿತ್ತು. ವಾರವಾರ ಒಬ್ಬರ ಮೇಲೊಬ್ಬರು ಬೀಳುವವರೆಲ್ಲ ಇಲ್ಲಿ ಒಂದೇ ಅಂಗಿ ತೊಡಬೇಕು. ಬಾರ್ಸಿಲೋನಾ ಜಾಣತನ ಮಾಡಿತು. ಹೆಸರಿಗೆ ಊರಿನ ತಂಡ, ಒಳಗೆ ಬಹುತೇಕ ಬಾರ್ಸಿಲೋನಾ ಕ್ಲಬ್ಬಿನವರೇ. ಫೈನಲ್ ಎಂದರೆ ಎರಡು ಪಂದ್ಯ, ಎರಡರ ಗೋಲುಗಳನ್ನೂ ಕೂಡಿ ಲೆಕ್ಕ. ಲಂಡನ್‌ನಲ್ಲಿ ನಡೆದ ಮೊದಲ ಪಂದ್ಯ 2–2. ಆಗಷ್ಟೇ 18 ತುಂಬಿದ್ದ ಜಿಮ್ಮಿ ಗ್ರೀವ್ಸ್ ಅದರಲ್ಲಿ ಒಂದು ಗೋಲು ಹೊಡೆದಿದ್ದರು. ಎರಡನೆಯ ಪಂದ್ಯದಲ್ಲಿ ಬಾರ್ಸಿಲೋನಾಗೆ 6–0 ಗೆಲುವು. ಒಟ್ಟಿಗೆ ಆಡಿ ಪಳಗಿದವರ ಮುಂದೆ ಹೆಕ್ಕಿ ತಂದವರ ಆಟ ಎಷ್ಟು ನಡೆದೀತು?

ಮುಂದೆ ಊರಿನ ತಂಡಗಳು ಹೋಗಿ ಕ್ಲಬ್ಬುಗಳೇ ಬಂದವು. ಆದರೆ ‘ಒಂದು ಊರಿಗೆ ಒಂದೇ ತಂಡ’ ಎನ್ನುವ ನಿಯಮ ಉಳಿಯಿತು. ನ್ಯೂಕ್ಯಾಸಲ್‌ಗೆ ಬಾಗಿಲು ತೆರೆದದ್ದೇ ಅದು. 1967–68ರ ಲೀಗ್‌ನಲ್ಲಿ ಅವರದ್ದು ಹತ್ತನೇ ಸ್ಥಾನ. ಆದರೆ ಲಿವರ್‌ಪೂಲ್ ಇದ್ದದ್ದರಿಂದ ಅದೇ ಊರಿನ ಎವರ್ಟನ್‌ಗೆ ಜಾಗವಿಲ್ಲ. ಲಂಡನ್ನಿನಿಂದ ಚೆಲ್ಸಿ ಇದ್ದದ್ದರಿಂದ ಅಲ್ಲಿಯವೇ ಆದ ಟಾಟನ್‌ಹ್ಯಾಮ್, ಆರ್ಸೆನಲ್ ಇಬ್ಬರಿಗೂ ಇಲ್ಲ. ಯುರೋಪಿನ ಬೇರೆ ಎರಡು ಟೂರ್ನಿಗಳಿಗೆ ಇನ್ನು ಮೂರು ತಂಡಗಳು ಹೋದವು: ಮ್ಯಾಂಚೆಸ್ಟರಿನ ಎರಡೂ ತಂಡಗಳು ಚಾಂಪಿಯನ್ಸ್ ಕಪ್‌ಗೆ, ವೆಸ್ಟ್ ಬ್ರಾಮ್ ಕಪ್ ವಿನ್ನರ್ಸ್ ಕಪ್‌ಗೆ. ಹತ್ತನೆಯವರಿಗೆ ಅದೃಷ್ಟ ಒಲಿಯಿತು.

ಬರೀ ಅದೃಷ್ಟ ಅಂತ ತಳ್ಳಿಹಾಕುವ ಹಾಗೂ ಇಲ್ಲ. ಮೊದಲ ಸುತ್ತಿನಲ್ಲೇ ಅವರು ಸೋಲಿಸಿದ್ದು ನೆದರ್ಲೆಂಡ್ಸಿನ ಫೆಯೆನೂರ್ಡ್ ತಂಡವನ್ನು. ಆ ತಂಡ 1970ರಲ್ಲಿ ಚಾಂಪಿಯನ್ಸ್ ಕಪ್ಪನ್ನೇ ಗೆದ್ದಿತು. ಫೈನಲ್‌ನಲ್ಲಿ ಹಂಗೇರಿಯ ಉಯ್‌ಪೆಶ್ಟ್ ದೋಜಾ. ತವರಿನಲ್ಲಿ 3–0 ಗೆದ್ದ ನ್ಯೂಕ್ಯಾಸಲ್, ಬುಡಾಪೆಸ್ಟ್‌ನಲ್ಲಿ ಮಧ್ಯಂತರಕ್ಕೆ 0–2 ಹಿಂದಿತ್ತು. ಆಮೇಲೆ ಮೂರು ಗೋಲು ಹೊಡೆದು 3–2ರಿಂದ ಗೆದ್ದಿತು. ನಾಯಕ ಬಾಬಿ ಮಂಕರ್ ಡಿಫೆಂಡರ್, ಅಂದರೆ ಗೋಲು ತಡೆಯುವ ಕೆಲಸದವರು. ಆದರೂ ಎರಡು ಪಂದ್ಯಗಳಿಂದ ಅವರದ್ದೇ ಮೂರು ಗೋಲು!

ಈ ಕಪ್ಪನ್ನು ಯುರೋಪಿನ ಫುಟ್‌ಬಾಲ್ ಆಡಳಿತ ಸಂಸ್ಥೆ ಯುಇಎಫ್‌ಎ ತನ್ನ ಲೆಕ್ಕಕ್ಕೆ ಸೇರಿಸುವುದಿಲ್ಲ. ನಡೆಸುತ್ತಿದ್ದದ್ದು ಬೇರೆ ಸಮಿತಿ ಎನ್ನುವುದು ಕಾರಣ. 1971ರಲ್ಲಿ ಇದರ ಜಾಗಕ್ಕೆ ಯುಇಎಫ್‌ಎ ಕಪ್ ಬಂತು. ಹಳೆಯ ಟ್ರೋಫಿ ಯಾರಿಗೆ ಎಂದು ಮೊದಲ ವಿಜೇತ ಬಾರ್ಸಿಲೋನಾ, ಕೊನೆಯ ವಿಜೇತ ಇಂಗ್ಲೆಂಡಿನ ಲೀಡ್ಸ್ ಒಂದು ಪಂದ್ಯ ಆಡಿದವು. ಬಾರ್ಸಿಲೋನಾ 2–1ರಿಂದ ಗೆದ್ದು ಅದನ್ನು ಮನೆಗೇ ಒಯ್ದಿತು. ಲೆಕ್ಕಕ್ಕಿಲ್ಲದ ಕಪ್‌ಗಾಗಿ ಯಾರಾದರೂ ಹೀಗೆ ಗುದ್ದಾಡುತ್ತಾರಾ?

ಯುಇಎಫ್‌ಎ ತನ್ನ ಪುಸ್ತಕದಲ್ಲಿ ಏನಾದರೂ ಬರೆದುಕೊಳ್ಳಲಿ, ಪತ್ರಿಕೆಗೆ ಆ ಕಟ್ಟುಪಾಡು ಇಲ್ಲ ಅಲ್ವಾ? ಮುಂದಿನ ಸಲ ಕ್ಲಬ್ಬುಗಳ ಟ್ರೋಫಿ ಪಟ್ಟಿ ಹಾಕುವಾಗ ಫೇರ್ಸ್ ಕಪ್ ಕೂಡ ಸೇರಿಸಿ. ಬೇಕಿದ್ದರೆ ಪಕ್ಕದಲ್ಲಿ ಒಂದು ಚುಕ್ಕೆ ಇಟ್ಟು, ಕೆಳಗೆ ಸಣ್ಣ ಅಕ್ಷರದಲ್ಲಿ ವಿವರ ಕೊಡಿ.

ಇಂತಿ,
ನಿಮ್ಮ ಕ್ರೀಡಾ ಪುಟದ ಓದುಗ
ಶಿವಮೊಗ್ಗ