ಹಳೇ ಕಾರು ಕೊಳ್ಳುವವರಿಗೂ ಓಡಿಸುವ ಖುಷಿ ಬೇಕು

ಮಾನ್ಯ ಸಂಪಾದಕರೇ,

ಮೂರೂವರೆ ಲಕ್ಷ ರೂಪಾಯಿಯೊಳಗೆ ಯಾವ ಹಳೇ ಕಾರು ಕೊಳ್ಳಬಹುದು ಎಂದು ಕಳೆದ ವಾರ ನಿಮ್ಮ ವಾಹನ ಪುಟದಲ್ಲಿ ಬಂದ ಲೇಖನ ಓದಿದೆ. ಮೈಲೇಜ್ ಎಷ್ಟು, ಮತ್ತೆ ಮಾರಿದರೆ ಎಷ್ಟು ಹುಟ್ಟುತ್ತದೆ, ಸರ್ವಿಸ್ ಸೆಂಟರ್ ಎಷ್ಟು ಹತ್ತಿರ ಎಂದೆಲ್ಲ ವಿವರಿಸಿದ ಲೇಖಕರು ಕೊನೆಗೆ, ಆದಷ್ಟು ಎತ್ತರದ ಗಾಡಿಯನ್ನೇ ನೋಡಿ ಎಂದು ಮುಗಿಸಿದ್ದಾರೆ. ಅರ್ಧ ಪುಟದ ಬರಹದಲ್ಲಿ ಆ ಕಾರನ್ನು ಓಡಿಸಿದರೆ ಹೇಗಿರುತ್ತದೆ ಎನ್ನುವ ಒಂದು ಸಾಲೂ ಇರಲಿಲ್ಲ. ಐದು ತಿಂಗಳ ಹಿಂದೆ ಇಷ್ಟೇ ದುಡ್ಡು ಹಿಡಿದುಕೊಂಡು ಊರೂರು ಅಲೆದು ಕಾರು ಕೊಂಡವಳು ನಾನು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನೂರು ತೀರ್ಥಹಳ್ಳಿ. ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ, ವಯಸ್ಸು 51. ಅಮ್ಮ ಹೆಬ್ರಿಯಲ್ಲಿದ್ದಾರೆ. ಎರಡು ವಾರಕ್ಕೊಮ್ಮೆಯಾದರೂ ಆಗುಂಬೆ ಘಾಟಿ ಇಳಿದು ಅವರನ್ನು ನೋಡಿ ಬರುತ್ತೇನೆ. ಹೋಗುವುದಕ್ಕೆ ಸುಮಾರು 55 ಕಿಲೋಮೀಟರ್, ನಡುವೆ 14 ಹೇರ್‌ಪಿನ್ ತಿರುವು. 2008ರಲ್ಲಿ ಹೊಸದಾಗಿ ತಂದಿದ್ದ 1.3 ಲೀಟರ್ ಪೆಟ್ರೋಲ್ ಸ್ವಿಫ್ಟ್ 17 ವರ್ಷ ಈ ದಾರಿ ಸವೆಸಿತು. 15 ವರ್ಷ ತುಂಬಿದಾಗ ಎಫ್‌ಸಿ (ಗಾಡಿ ಓಡಲು ಯೋಗ್ಯವೆಂಬ ಪ್ರಮಾಣಪತ್ರ) ಮಾಡಿಸಿ ಆರ್‌ಸಿ (ನೋಂದಣಿ ಪತ್ರ) ನವೀಕರಿಸಿಕೊಂಡಿದ್ದೆ. ಕಳೆದ ಜುಲೈ ತಿಂಗಳ ಗಾಳಿಮಳೆಯಲ್ಲಿ ಅಂಗಳದ ಹಲಸಿನ ಮರದ ದೊಡ್ಡ ಕೊಂಬೆ ಮುರಿದು ಅದರ ಮೇಲೇ ಬಿತ್ತು. ಚಾವಣಿ ಸೀಟಿನವರೆಗೆ ಇಳಿದಿತ್ತು. ಹಳೇ ಗಾಡಿಯೆಂದು ಥರ್ಡ್ ಪಾರ್ಟಿ ವಿಮೆ ಮಾತ್ರ ಮಾಡಿಸಿದ್ದರಿಂದ ಒಂದು ರೂಪಾಯಿಯೂ ಬರಲಿಲ್ಲ. ಅದನ್ನು ಲಾರಿಗೆ ಎತ್ತಿ ಹಾಕುವ ದಿನ ನಾನು ಶಾಲೆಗೆ ಹೋಗಲಿಲ್ಲ.

ಕಾರಿನ ಬಗ್ಗೆ ಇಷ್ಟು ಮನಸ್ಸೇಕೆ ಎಂದು ಕೇಳಿದವರಿದ್ದಾರೆ. ಮನೆ, ಶಾಲೆ, ಪರೀಕ್ಷೆ ಪತ್ರಿಕೆ, ಅಮ್ಮನ ಔಷಧಿ ಇವುಗಳ ನಡುವೆ ನನಗೆಂದೇ ಇರುವ ಹೊತ್ತು ಎಂದರೆ ಆ ಘಾಟಿಯ ದಾರಿ. ಎರಡನೇ ಗೇರಿಗೆ ಇಳಿಸಿ, ತಿರುವಿನ ಒಳಗೆ ಸ್ಟೀರಿಂಗ್ ತಿರುಗಿಸಿ, ಕಾರು ನಾನಂದುಕೊಂಡ ಜಾಗದಲ್ಲೇ ಹೊರಬಂದಾಗ ಆಗುವ ಸಂತೋಷ ದೊಡ್ಡದು. ಜೋರಾಗಿ ಓಡಿಸಬೇಕೆಂದಿಲ್ಲ, 30 ಕಿಲೋಮೀಟರ್ ವೇಗದಲ್ಲೂ ಅದು ಸಿಗುತ್ತದೆ. ಸಿಗುವಂಥ ಕಾರು ಇರಬೇಕು ಅಷ್ಟೆ.

ಕೈಯಲ್ಲಿದ್ದದ್ದು ಮೂರೂವರೆ ಲಕ್ಷ. 2025ರ ಸೆಪ್ಟೆಂಬರ್‌ನಲ್ಲಿ ಸಣ್ಣ ಕಾರುಗಳ ಜಿಎಸ್‌ಟಿ ಶೇ 18ಕ್ಕೆ ಇಳಿದಿದ್ದರಿಂದ ಹೊಸದನ್ನೇ ತಗೋ ಎಂದು ತಂಗಿ ಹೇಳಿದಳು. ಎಲ್ಲಕ್ಕಿಂತ ಅಗ್ಗದ ಹೊಸ ಕಾರಿನ ಶೋರೂಂ ಬೆಲೆ ಈಗ ನನ್ನ ಬಜೆಟ್ಟಿನ ಹತ್ತಿರಕ್ಕೆ ಬಂದಿರುವುದು ನಿಜ. ಆದರೆ ನಮ್ಮ ರಾಜ್ಯದಲ್ಲಿ 5 ಲಕ್ಷದೊಳಗಿನ ಕಾರಿಗೂ ಶೇ 13ರಷ್ಟು ಜೀವಿತಾವಧಿ ತೆರಿಗೆ, ಮೇಲೆ ವಿಮೆ. ಸಾಲವಿಲ್ಲದೆ ಆಗುತ್ತಿರಲಿಲ್ಲ. ದೆಹಲಿಯಿಂದ ಬರುವ ಡೀಸೆಲ್ ಕಾರುಗಳು ಅಗ್ಗ ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ಅಲ್ಲಿ ಹಳೇ ಡೀಸೆಲ್ ಗಾಡಿಗಳಿಗೆ ಕಟ್ಟುಪಾಡು ಇರುವುದರಿಂದ ಅಗ್ಗವೇ ಹೌದು, ಆದರೆ ಅಲ್ಲಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಇಲ್ಲಿಗೆ ತಂದ ಮೇಲೆ ಮರುನೋಂದಣಿ, ಮತ್ತೊಮ್ಮೆ ಜೀವಿತಾವಧಿ ತೆರಿಗೆ. ಆ ದಾರಿ ಬಿಟ್ಟೆ.

ಶಿವಮೊಗ್ಗದ ಭಾವನವರು ಪಕ್ಕಾ ನಿಮ್ಮ ಲೇಖಕರ ಮಾತನ್ನೇ ಆಡಿದರು. "ರಸ್ತೆ ನೋಡಿದ್ಯಲ್ಲ ಮಾರಾಯ್ತಿ, ಎತ್ತರದ ಗಾಡಿ ತಗೊಂಡ್ರೆ ನಿಶ್ಚಿಂತೆ" ಎಂದು 2012ರ ಒಂದು ಎಸ್‌ಯುವಿಯನ್ನು ಮನೆ ಬಾಗಿಲಿಗೇ ತರಿಸಿದರು. ಈಗ ದೇಶದಲ್ಲಿ ಮಾರಾಟವಾಗುವ ಹೊಸ ಕಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಎಸ್‌ಯುವಿಗಳೇ ಆಗಿರುವಾಗ ಅವರ ಮಾತಿಗೆ ಬೆಲೆಯಿದೆ, ಮಲೆನಾಡಿನ ಮಳೆಗಾಲದ ಗುಂಡಿಗಳೂ ಸುಳ್ಳಲ್ಲ. ಆದರೂ ಒಪ್ಪಲಿಲ್ಲ. ಒಂಬತ್ತನೇ ತರಗತಿ ಮಕ್ಕಳಿಗೆ ಹೇಳುವ ಪಾಠವೇ ಇಲ್ಲಿಗೂ ಬರುತ್ತದೆ. ತಿರುವಿನಲ್ಲಿ ಟೈರಿಗೆ ಬೇಕಾದ ಹಿಡಿತದ ಲೆಕ್ಕ ಹಾಕುವಾಗ ತೂಕ ಎರಡೂ ಕಡೆ ಹೊಡೆದುಹೋಗುತ್ತದೆ, ಹಾಗಾಗಿ ಭಾರದ ಗಾಡಿ ರಸ್ತೆಗೆ ಅಂಟಿಕೊಂಡಿರುತ್ತದೆ ಎನ್ನುವುದು ತಪ್ಪು ತಿಳಿವಳಿಕೆ. ಗುರುತ್ವ ಕೇಂದ್ರ ಮೇಲಿದ್ದಷ್ಟೂ ಹೆಚ್ಚು ಭಾರ ಹೊರಗಿನ ಚಕ್ರಗಳ ಮೇಲೆ ಬೀಳುತ್ತದೆ, ಗಾಡಿ ವಾಲುತ್ತದೆ. ಇನ್ನು ಇಳಿಜಾರು. ಆಗುಂಬೆಯ ಮೇಲಿಂದ ಸೋಮೇಶ್ವರಕ್ಕೆ ಇಳಿಯುವಾಗ ಕಾರು ಕಳೆದುಕೊಳ್ಳುವ ಶಕ್ತಿಯನ್ನು ಎಂಜಿನ್ ಮತ್ತು ಬ್ರೇಕ್ ನುಂಗಬೇಕು, ಅದು ತೂಕಕ್ಕೆ ಸರಿಯಾಗಿ ಏರುತ್ತದೆ. ಒಂದೂವರೆ ಟನ್ನಿನ ಹಳೇ ಗಾಡಿಯ ಸವೆದ ಬ್ರೇಕಿಗಿಂತ ಒಂದು ಟನ್ನಿಗೂ ಕಡಿಮೆಯ ಸಣ್ಣ ಕಾರಿನ ಒಳ್ಳೆಯ ಬ್ರೇಕು ಆ ದಾರಿಯಲ್ಲಿ ನನಗೆ ಹೆಚ್ಚು ಧೈರ್ಯ ಕೊಡುತ್ತದೆ.

ಹಾಗಾಗಿ ಸಣ್ಣ, ಹಗುರದ, ಕೈಗೇರಿನ (ಮ್ಯಾನುವಲ್) ಕಾರು ಎಂದು ನಿಶ್ಚಯ ಮಾಡಿಕೊಂಡೆ. ಗ್ಯಾರೇಜ್ ಇಟ್ಟುಕೊಂಡಿರುವ ನನ್ನ ಹಳೆಯ ವಿದ್ಯಾರ್ಥಿ ಜೊತೆಗೆ ಬಂದ.

ಮೊದಲು ನೋಡಿದ್ದು ಶಿವಮೊಗ್ಗದಲ್ಲಿ 2016ರ ಫೋರ್ಡ್ ಫಿಗೊ, 1.5 ಲೀಟರ್ ಡೀಸೆಲ್. ಆ ಸಣ್ಣ ಮೈಗೆ 100 ಪಿಎಸ್ (ಅಶ್ವಶಕ್ತಿ) ಎಂಜಿನ್. ಮೂರನೇ ಗೇರಿನಲ್ಲಿ ಒತ್ತಿದರೆ ಬೆನ್ನು ಸೀಟಿಗೆ ಅಂಟುತ್ತದೆ. ಓಡಿಸಿ ಇಳಿದ ಮೇಲೂ ಸ್ವಲ್ಪ ಹೊತ್ತು ಮಾತು ಬರಲಿಲ್ಲ, ಅಷ್ಟು ಹಿಡಿಸಿತು. ಫೋರ್ಡ್ 2021ರಲ್ಲೇ ಇಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿದ್ದರೂ ಬಿಡಿಭಾಗಗಳು ಸಿಗುತ್ತವೆ ಎಂದು ಹುಡುಗ ಹೇಳಿದ. ಆದರೆ ಕೇಳಿದ ಬೆಲೆ 3 ಲಕ್ಷ 40 ಸಾವಿರ, ಟೈರುಗಳು ಬೋಳು, ಮುಂದಿನ ಶಾಕ್ ಅಬ್ಸಾರ್ಬರಿನಿಂದ ಎಣ್ಣೆ ಸೋರುತ್ತಿತ್ತು. ಕೊಂಡರೆ ಸರಿಮಾಡಿಸಲು ದುಡ್ಡಿಲ್ಲ, ಸರಿಮಾಡಿಸದಿದ್ದರೆ ಆ ಎಂಜಿನ್ ಇದ್ದೂ ಉಪಯೋಗವಿಲ್ಲ.

ಮಂಗಳೂರಿನಲ್ಲಿ ಒಂದು ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ ನೋಡಿದೆವು. 1.2 ಲೀಟರ್ ಟರ್ಬೊ ಪೆಟ್ರೋಲ್, ಎರಡು ಕ್ಲಚ್ಚಿನ ಏಳು ಗೇರಿನ ಆಟೊಮ್ಯಾಟಿಕ್. ಕೈಗೇರೇ ಬೇಕೆಂದುಕೊಂಡಿದ್ದರೂ ಆಸೆ ತಡೆಯಲಾಗಲಿಲ್ಲ. ಬಾಗಿಲು ಹಾಕಿದ ಶಬ್ದಕ್ಕೇ ಮನಸ್ಸು ಸೋತಿತ್ತು. ಹುಡುಗ ಪಕ್ಕಕ್ಕೆ ಕರೆದು, "ಮೇಡಂ, ಓಡುವಷ್ಟು ದಿನ ಇದರಷ್ಟು ಚಂದ ಯಾವ್ದೂ ಇಲ್ಲ. ಗೇರ್‌ಬಾಕ್ಸ್ ಕೈ ಕೊಟ್ರೆ ಮಾತ್ರ ನನ್ ಹತ್ರ ಆಗಲ್ಲ, ನಿಮ್ ಬಜೆಟ್ಟಿಗೂ ಆಗಲ್ಲ" ಎಂದ. ವಾಪಸ್ ಬರುವ ದಾರಿಯುದ್ದಕ್ಕೂ ಬೇಸರವಾಗಿತ್ತು, ಆದರೂ ಅವನು ಹೇಳಿದ್ದು ಸರಿ. ಉಡುಪಿಯಲ್ಲಿ ಕಂಡ ಫಿಯೆಟ್ ಪುಂಟೊ ಇವೊದಲ್ಲಿ ಹಳೇ ಕಾಲದ ಹೈಡ್ರಾಲಿಕ್ ಸ್ಟೀರಿಂಗ್. ರಸ್ತೆಯ ಪ್ರತಿ ಕಲ್ಲೂ ಅಂಗೈಗೆ ತಿಳಿಯುತ್ತದೆ, ಇಂದಿನ ಹೊಸ ಕಾರುಗಳಲ್ಲಿ ಆ ಅನುಭವವೇ ಇಲ್ಲ. ಫಿಯೆಟ್ ದೇಶದಲ್ಲಿ ಮಾರಾಟ ನಿಲ್ಲಿಸಿದೆ, ತೀರ್ಥಹಳ್ಳಿಯಲ್ಲಿ ಕುಳಿತು ಅದರ ಭಾಗಗಳಿಗೆ ಕಾಯುವ ವ್ಯವಧಾನ ದಿನಾ ಕಾರು ಬೇಕಾದ ನನಗಿಲ್ಲ. ಮತ್ತೆ ಸ್ವಿಫ್ಟನ್ನೇ ಕೊಳ್ಳೋಣವೆಂದರೆ ಎಲ್ಲರಿಗೂ ಅದೇ ಬೇಕು, 12 ವರ್ಷದ ಗಾಡಿಗೂ ಮೂರು ಲಕ್ಷದ ಮೇಲೆ ಹೇಳುತ್ತಾರೆ.

ಕೊನೆಗೆ ಸಿಕ್ಕಿದ್ದು ಕುಂದಾಪುರದ ಹತ್ತಿರ, ನಿವೃತ್ತರೊಬ್ಬರ ಮನೆಯಲ್ಲಿದ್ದ 2015ರ ಹೋಂಡಾ ಬ್ರಿಯೊ. 61 ಸಾವಿರ ಕಿಲೋಮೀಟರ್ ಓಡಿತ್ತು, ಒಬ್ಬರೇ ಓನರ್, ಸರ್ವಿಸ್ ಚೀಟಿಗಳನ್ನೆಲ್ಲ ಫೈಲ್ ಮಾಡಿ ಇಟ್ಟಿದ್ದರು. ನಿಮ್ಮ ಪಟ್ಟಿಯಲ್ಲಿ ಈ ಕಾರಿನ ಹೆಸರೇ ಇರಲಿಲ್ಲ. 1.2 ಲೀಟರಿನ ಐ-ವಿಟೆಕ್ ಪೆಟ್ರೋಲ್ ಎಂಜಿನ್, 88 ಪಿಎಸ್. ಉದ್ದ 3.61 ಮೀಟರ್, ತೂಕ ಒಂದು ಟನ್ನಿಗಿಂತ ಕಡಿಮೆ. ತಗ್ಗು ಆರ್‌ಪಿಎಂನಲ್ಲಿ (ನಿಮಿಷಕ್ಕೆ ಎಂಜಿನ್ ಸುತ್ತುವ ಲೆಕ್ಕ) ಸಪ್ಪೆ ಎನ್ನಿಸುತ್ತದೆ. 3,500 ದಾಟಿಸಿ ನೋಡಿ, ಎಂಜಿನ್ ಹಾಡಿಕೊಂಡು ಏರುತ್ತದೆ, ಗೇರು ಎರಡು ಬೆರಳಿನಲ್ಲಿ ಬೀಳುತ್ತದೆ. ಹೇರ್‌ಪಿನ್ ತಿರುವಿನಲ್ಲಿ ಎದುರಿಗೆ ಬಸ್ಸು ಬಂದರೂ ಈ ಕಾರಿಗೆ ಜಾಗ ಸಾಲುತ್ತದೆ. ಕೊರತೆಗಳಿವೆ. ಡಿಕ್ಕಿ 175 ಲೀಟರ್ ಮಾತ್ರ, ಅಮ್ಮ ಕೊಡುವ ತೆಂಗಿನಕಾಯಿ ಚೀಲ ಹಿಂದಿನ ಸೀಟಿನ ಮೇಲೇ ಬರಬೇಕು. ಹೆದ್ದಾರಿಯಲ್ಲಿ ಟೈರಿನ ಸದ್ದು ಜಾಸ್ತಿ. ಬ್ರಿಯೊದ ಕೆಲವು ಮಾದರಿಗಳಲ್ಲಿ ಮಾತ್ರ ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಮತ್ತು ಏರ್‌ಬ್ಯಾಗ್ ಇದ್ದವು, ಇವು ಕಡ್ಡಾಯವಾದದ್ದೇ 2019ರಲ್ಲಿ. ಅದಕ್ಕಾಗಿ ಎರಡೂ ಇದ್ದ ಮಾದರಿ ಸಿಗುವವರೆಗೆ ಕಾದೆ. ಹಳೇ ಕಾರು ನೋಡುವವರು ಈ ಒಂದು ವಿಷಯದಲ್ಲಿ ಮಾತ್ರ ದಯವಿಟ್ಟು ರಾಜಿ ಆಗಬೇಡಿ.

ನಾವು ತಲುಪಿದ ಕೂಡಲೇ ಹುಡುಗ ಬಾನೆಟ್ ಮೇಲೆ ಅಂಗೈ ಇಟ್ಟ. ತಣ್ಣಗಿತ್ತು. ಮೊದಲೇ ಬಿಸಿ ಮಾಡಿಟ್ಟ ಎಂಜಿನ್ ತನ್ನ ಕಾಯಿಲೆ ಮುಚ್ಚಿಡುತ್ತದಂತೆ. ಕಾಲಡಿಯ ಮ್ಯಾಟ್ ಎತ್ತಿ, ಸೀಟಿನ ಬೋಲ್ಟುಗಳಿಗೆ ತುಕ್ಕು ಹಿಡಿದಿದೆಯೇ ಎಂದು ಟಾರ್ಚ್ ಬಿಟ್ಟು ನೋಡಿದ. ಕರಾವಳಿ ಕಡೆಯ ಗಾಡಿ, ನೀರು ಹೊಕ್ಕಿದ್ದರೆ ಅಲ್ಲಿ ಗೊತ್ತಾಗುತ್ತದೆ. ಅರ್ಧ ಗಂಟೆ ನನ್ನ ಕೈಗೇ ಕೊಟ್ಟರು, ಕೊಲ್ಲೂರಿನ ಕಡೆಗೆ ಹೋಗಿ ಬಂದೆ. ಶಿವಮೊಗ್ಗದಲ್ಲಿ ಒಬ್ಬ ವ್ಯಾಪಾರಿ ಮೈದಾನದ ಸುತ್ತ ಒಂದು ರೌಂಡ್ ಸಾಕು ಎಂದಿದ್ದರು, ನನ್ನ ಜೊತೆ ಬಂದ ಹುಡುಗನೇ ಓಡಿಸಲಿ ಎಂದೂ ಹೇಳಿದ್ದರು. ದುಡ್ಡು ಕೊಡುವವಳು ನಾನು, ಓಡಿಸುವವಳೂ ನಾನು. ಅಲ್ಲಿಂದ ಹಾಗೇ ಎದ್ದು ಬಂದಿದ್ದೆ.

ಬ್ರಿಯೊ 2 ಲಕ್ಷ 75 ಸಾವಿರಕ್ಕೆ ಕುದುರಿತು. ಉಳಿದ ದುಡ್ಡಿನ ಲೆಕ್ಕವನ್ನು ಪೂರ್ತಿ ಕೊಡುತ್ತೇನೆ, ನಿಮ್ಮ ಓದುಗರಿಗೆ ಬೇಕಾದದ್ದು ಇದು ಎಂದು ನನ್ನ ನಂಬಿಕೆ. ನಾಲ್ಕು ಹೊಸ ಟೈರಿಗೆ 18,400. ನಾಲ್ಕು ಶಾಕ್ ಅಬ್ಸಾರ್ಬರ್, ಮೌಂಟ್, ಕೂಲಿ ಸೇರಿ 17,500. ಲೋಯರ್ ಆರ್ಮ್ ಬುಷ್ ಮತ್ತು ಲಿಂಕ್ ರಾಡ್‌ಗಳಿಗೆ 6,200. ಬ್ರೇಕ್ ಪ್ಯಾಡ್, ಬ್ರೇಕ್ ಆಯಿಲ್, ಎಂಜಿನ್ ಆಯಿಲ್, ಕೂಲೆಂಟ್ 8,700. ಅಲೈನ್‌ಮೆಂಟ್ 800. ಈ ಸಲ ಪೂರ್ಣ ವಿಮೆ ಮತ್ತು ಹೆಸರು ವರ್ಗಾವಣೆ 14,400. ಒಟ್ಟು 66 ಸಾವಿರ. ಟೈರು ಮತ್ತು ಶಾಕ್ ಅಬ್ಸಾರ್ಬರ್ ಬದಲಾಯಿಸುವ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಆಗುಂಬೆ ಇಳಿದೆ. ಮೊದಲ ಸಲ ತಿರುವಿನ ನಡುವೆ ಗುಂಡಿ ಸಿಕ್ಕರೆ ಹಿಂಬದಿ ಪಕ್ಕಕ್ಕೆ ಜಿಗಿಯುತ್ತಿತ್ತು. ಎರಡನೇ ಸಲ ಅದೇ ಗುಂಡಿಗಳ ಮೇಲೆ ಕಾರು ಒಮ್ಮೆ ಬಗ್ಗಿ ಎದ್ದು ತನ್ನ ಪಾಡಿಗೆ ತಿರುಗಿತು. 88 ಪಿಎಸ್‌ನಿಂದ 100ಕ್ಕೆ ಹೋಗಿದ್ದರೆ ಈ ವ್ಯತ್ಯಾಸ ಬರುತ್ತಿರಲಿಲ್ಲ. ಮೂರೂವರೆ ಲಕ್ಷ ಇದ್ದವರು ಮೂರೂವರೆ ಲಕ್ಷದ ಕಾರು ನೋಡಲೇಬಾರದು, ಎರಡೂ ಮುಕ್ಕಾಲರದ್ದು ನೋಡಿ ಉಳಿದದ್ದನ್ನು ಚಕ್ರದ ಸುತ್ತ ಹಾಕಬೇಕು. ನಿಮ್ಮ ಲೇಖನದಲ್ಲಿ ನನಗೆ ಕಾಣದೇ ಹೋದದ್ದು ಮುಖ್ಯವಾಗಿ ಇದು.

ಮೈಲೇಜಿನ ಮಾತಿಗೂ ಉತ್ತರಿಸುತ್ತೇನೆ. ನಾನು ತಿಂಗಳಿಗೆ 600 ಕಿಲೋಮೀಟರ್ ಓಡಿಸುತ್ತೇನೆ. ಘಾಟಿ ಸೇರಿ ಬ್ರಿಯೊ ಲೀಟರಿಗೆ 15 ಕೊಡುತ್ತಿದೆ. 20 ಕೊಡುವ ಕಾರು ಕೊಂಡಿದ್ದರೆ ತಿಂಗಳಿಗೆ 10 ಲೀಟರ್, ಅಂದರೆ ಒಂದು ಸಾವಿರ ರೂಪಾಯಿ ಚಿಲ್ಲರೆ ಉಳಿಯುತ್ತಿತ್ತು. ಸಂಬಳದವಳಿಗೆ ಅದು ಸಣ್ಣ ಮೊತ್ತವಲ್ಲ. ಗೊತ್ತಿದ್ದೇ ಆ ಸಾವಿರ ಕೊಡುತ್ತಿದ್ದೇನೆ, ಕೊಟ್ಟದ್ದಕ್ಕೆ ಬೇಸರವಿಲ್ಲ. ದುಡ್ಡಿದ್ದವರು ಕಾರು ಕೊಂಡರೆ ನಿಮ್ಮ ಪುಟ ಪಿಕಪ್ ಬಗ್ಗೆ, ಸ್ಟೀರಿಂಗ್ ಬಗ್ಗೆ, ತಿರುವಿನ ಹಿಡಿತದ ಬಗ್ಗೆ ಬರೆಯುತ್ತದೆ. ಬಜೆಟ್ ಸಣ್ಣದಾದ ಕೂಡಲೇ ಮೈಲೇಜ್ ಮತ್ತು ಮರುಮಾರಾಟ ಮಾತ್ರ ಉಳಿಯುತ್ತದೆ. ಕಡಿಮೆ ದುಡ್ಡಿನವರೂ ಅದೇ ರಸ್ತೆಯಲ್ಲಿ ಓಡಿಸುವವರು, ಅವರಿಗೂ ಕಾರು ಖುಷಿ ಕೊಡಬೇಕು ಎಂದು ಬರೆಯಿರಿ. ಮುಂದಿನ ಸಲ ಹಳೇ ಕಾರುಗಳ ಪಟ್ಟಿ ಮಾಡುವಾಗ ಅವುಗಳಲ್ಲಿ ನಾಲ್ಕನ್ನಾದರೂ ಚಾರ್ಮಾಡಿಯಲ್ಲೋ ದೇವಿಮನೆ ಘಾಟಿಯಲ್ಲೋ ಓಡಿಸಿ ನೋಡಿ ಬರೆಯಿಸಿ.

ಇನ್ನೊಂದು ಕೋರಿಕೆ. ನಾನು ಕೊಂಡಾಗ ಬ್ರಿಯೊದ ಟೈರುಗಳಲ್ಲಿ ಗೀರು ಆಳವಾಗಿಯೇ ಇತ್ತು, ಕಣ್ಣಿಗೆ ಹೊಸದರಂತೆ ಕಾಣುತ್ತಿದ್ದವು. ಟೈರಿನ ಪಕ್ಕದಲ್ಲಿ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತದೆ, ಮೊದಲೆರಡು ವಾರ, ಕೊನೆಯ ಎರಡು ವರ್ಷ. ಅಲ್ಲಿ 2316 ಎಂದಿತ್ತು. 2016ನೇ ಇಸವಿಯ 23ನೇ ವಾರದಲ್ಲಿ ತಯಾರಾದ ರಬ್ಬರು, ಉಗುರಿನಲ್ಲಿ ಒತ್ತಿದರೆ ಕಲ್ಲಿನ ಹಾಗೆ. ಒದ್ದೆ ರಸ್ತೆಯಲ್ಲಿ ಅಂಥ ಟೈರು ನಂಬುವಂತಿಲ್ಲ. ನಮ್ಮ ಶಾಲೆಯಲ್ಲಿ ಕಾರಿರುವ ಒಂಬತ್ತು ಶಿಕ್ಷಕರಲ್ಲಿ ಈ ಅಂಕಿಯ ವಿಷಯ ಗೊತ್ತಿದ್ದವರು ಇಬ್ಬರೇ. ಅದರ ಒಂದು ದೊಡ್ಡ ಫೋಟೊ, ಓದುವ ವಿಧಾನದೊಂದಿಗೆ, ಜೂನ್ ಮಳೆ ಹಿಡಿಯುವ ಮುಂಚೆ ನಿಮ್ಮ ಪುಟದಲ್ಲಿ ಹಾಕಿ.

ವಂದನೆಗಳೊಂದಿಗೆ,
ನಿಮ್ಮ ಓದುಗರಲ್ಲೊಬ್ಬಳು
ತೀರ್ಥಹಳ್ಳಿ, ಶಿವಮೊಗ್ಗ ಜಿಲ್ಲೆ