ಬಲೆ ತುಂಬಿದರೂ ಮಾವಿನಲ್ಲಿ ಹುಳು ಏಕೆ?

ಸಂಪಾದಕರೆ,

ವಾಸನೆಯಿಂದ ನೊಣ ಸೆಳೆದು ಕೊಲ್ಲುವ ಮೋಹಕ ಬಲೆಯ ಬಾಟಲಿ ಹಣ್ಣಿನ ಊಜಿ ನೊಣದಿಂದ ತುಂಬಿದರೆ ಮಾವು ಬೆಳೆಗಾರರು ನಿಶ್ಚಿಂತರಾಗುತ್ತಾರೆ. ಆಮೇಲೆ ಹಣ್ಣು ಕೊಯ್ದು ನೋಡಿದರೆ ವಾಟೆಯ ಸುತ್ತ ಹುಳು. ಬಲೆ ಕಳಪೆಯೆಂದು ಬೈಯುವ ಮುನ್ನ ಅದರಲ್ಲಿ ಸತ್ತು ಬಿದ್ದಿರುವುದು ಯಾವ ನೊಣ ಎಂದು ನೋಡಬೇಕು. ಎಲ್ಲವೂ ಗಂಡು. ಮೊಟ್ಟೆ ಚುಚ್ಚುವ ಹೆಣ್ಣು ಅದರತ್ತ ಸುಳಿಯುವುದೇ ಇಲ್ಲ.

ಬಲೆಯಲ್ಲಿರುವ ಮೀಥೈಲ್ ಯೂಜಿನಾಲ್ ಹೆಣ್ಣುನೊಣದ ವಾಸನೆಯಲ್ಲ, ತುಳಸಿಯಂಥ ಗಿಡಗಳಲ್ಲಿರುವ ವಸ್ತು. ಗಂಡು ಅದನ್ನು ನೆಕ್ಕಿ, ಮೈಯೊಳಗೆ ಮಾರ್ಪಡಿಸಿ, ಗುದದ ಬಳಿಯ ಗ್ರಂಥಿಯಲ್ಲಿ ಕೂಡಿಟ್ಟುಕೊಂಡು, ಮುಸ್ಸಂಜೆ ರೆಕ್ಕೆ ಬಡಿಯುತ್ತ ಗಾಳಿಗೆ ಬಿಡುತ್ತದೆ. ಆ ವಾಸನೆಗೆ ಹೆಣ್ಣು ಬೇಗ ಒಲಿಯುತ್ತದೆ. ಬಲೆಯೊಳಗೆ ಮೋಹಕ ಮತ್ತು ವಿಷದಲ್ಲಿ ನೆನೆಸಿದ ಪ್ಲೈವುಡ್ ತುಂಡು ಇರುತ್ತದೆ; ವಿಷ ಆರಿಹೋದ ತುಂಡನ್ನು ಅಲ್ಲೇ ಬಿಡಬಾರದು ಎನ್ನುವುದು ಇದಕ್ಕೇ: ನೆಕ್ಕಿ ಬದುಕಿ ಹೋದ ಗಂಡಿಗೆ ಜೋಡಿ ಇನ್ನೂ ಸುಲಭವಾಗಿ ಸಿಗುತ್ತದೆ.

ತುಂಡನ್ನು ತಾವೇ ಮಾಡಿಕೊಳ್ಳುವವರು ಆಲ್ಕೋಹಾಲ್, ಮೀಥೈಲ್ ಯೂಜಿನಾಲ್, ಕೀಟನಾಶಕ ಮೆಲಾಥಿಯಾನ್‌ಗಳನ್ನು 6:4:1 ಪ್ರಮಾಣದಲ್ಲಿ ಬೆರೆಸಿ, ಎರಡಂಗುಲದ ಪ್ಲೈವುಡ್ ಚೂರುಗಳನ್ನು 48 ಗಂಟೆಗೂ ಹೆಚ್ಚು ನೆನೆಸಬೇಕು. ಕೈಗವಸು ಬೇಕೇ ಬೇಕು. ಎಕರೆಗೆ 6ರಿಂದ 8 ಬಲೆಗಳನ್ನು ನಾಲ್ಕೈದು ಅಡಿ ಎತ್ತರದಲ್ಲಿ, ನೆರಳಿನ ಕೊಂಬೆಗೆ ಕಟ್ಟಿ. ಬಿಸಿಲು ಬಿದ್ದರೆ ದ್ರಾವಣ ಬೇಗ ಆವಿಯಾಗುತ್ತದೆ. ಹಾಗಲ, ಹೀರೆಯ ಚಪ್ಪರಕ್ಕೆ ಇದು ಬೇಡ. ಅಲ್ಲಿನ ನೊಣ ಬೇರೆ, ಅದಕ್ಕೆ ಕ್ಯೂ ಲ್ಯೂರ್ ಎಂಬ ಬೇರೆ ಮೋಹಕ ಬೇಕು.

ಎಲ್ಲಕ್ಕಿಂತ ಮುಖ್ಯ ಸಮಯ: ಹೆಣ್ಣು ಕೂಡುವ ಮೊದಲೇ ಗಂಡು ಸಾಯಬೇಕು. ಒಮ್ಮೆ ಕೂಡಿದ ಹೆಣ್ಣು ವೀರ್ಯವನ್ನು ಒಡಲಲ್ಲೇ ಉಳಿಸಿಕೊಂಡು ಮೊಟ್ಟೆಯಿಡುತ್ತಾ ಹೋಗುತ್ತದೆ. ಹಣ್ಣು ಬಲಿತ ಮೇಲೆ ಕಟ್ಟಿದ ಬಲೆ ಎಷ್ಟು ಗಂಡುಗಳನ್ನು ಕೊಂದರೂ ಆ ಹೆಣ್ಣನ್ನು ತಡೆಯದು. ಕೊಯ್ಲಿಗೆ 45ರಿಂದ 60 ದಿನ ಮೊದಲೇ ಬಲೆ ಮರದಲ್ಲಿರಬೇಕು. ಉದುರಿದ ಹಣ್ಣನ್ನು ದಿನಾ ಆಯ್ದು ಎರಡಡಿ ಆಳಕ್ಕೆ ಹೂಳಬೇಕು. ಬಿಟ್ಟರೆ ಹುಳು ಮಣ್ಣಿಗಿಳಿದು ಕೋಶ ಕಟ್ಟುತ್ತದೆ.

ಒಬ್ಬರೇ ಬಲೆ ಕಟ್ಟಿದರೆ ಸಾಲದು, ಪಕ್ಕದ ತೋಟದಲ್ಲಿ ಕೂಡಿದ ಹೆಣ್ಣು ಬೇಲಿ ದಾಟಿ ಬರುತ್ತದೆ. 1960ರ ದಶಕದಲ್ಲಿ ಪೆಸಿಫಿಕ್‌ನ ರೋಟಾ ದ್ವೀಪದಲ್ಲಿ ವಿಷ ಬೆರೆಸಿದ ಇದೇ ಮೋಹಕದ ತುಂಡುಗಳನ್ನು ದ್ವೀಪದ ತುಂಬ ಹಾಕಿಯೇ ಈ ನೊಣವನ್ನು ನಿರ್ಮೂಲ ಮಾಡಿದರು. ನಮ್ಮಲ್ಲಿ ಸಹಾಯಧನದ ಬಲೆಗಳು ಅರ್ಜಿ ಹಾಕಿದವರಿಗೆ ಬಿಡಿಬಿಡಿಯಾಗಿ, ಅದೂ ಎಷ್ಟೋ ಕಡೆ ಕಾಯಿ ಬಲಿತ ಮೇಲೆ ತಲುಪುತ್ತವೆ. ತೋಟಗಾರಿಕೆ ಇಲಾಖೆಯವರೆ, ಇಡೀ ಊರಿನ ತೋಟಗಳನ್ನು ಒಟ್ಟಿಗೆ ಲೆಕ್ಕ ಹಾಕಿ, ಮಾರ್ಚ್ ಮುಗಿಯುವುದರೊಳಗೆ ವಿತರಿಸಿ. ಕೊಯ್ಲು ಮುಗಿಯುವವರೆಗೆ ಬದಲಿಸಲು ಬೇಕಾದ ಹೆಚ್ಚುವರಿ ತುಂಡುಗಳನ್ನೂ ಜೊತೆಗೇ ಕೊಡಿ.

— ಸಸ್ಯಸಂರಕ್ಷಣಾ ಸಲಹೆಗಾರ, ಶ್ರೀನಿವಾಸಪುರ