ಪಂಪಿನಷ್ಟೇ ಕೊಳವೆಯೂ ಮುಖ್ಯ

ಮಾನ್ಯ ಸಂಪಾದಕರೇ,

ಆರೋಗ್ಯ ಪುಟಗಳಲ್ಲಿ ಹೃದಯವನ್ನು ಪಂಪ್ ಎಂದು ಬಣ್ಣಿಸುವವರು, ಆ ಪಂಪಿನ ಶಕ್ತಿಯನ್ನು ಉಳಿಸುವ ರಕ್ತನಾಳಗಳ ವಿನ್ಯಾಸದ ಬಗ್ಗೆ ಚಕಾರವೆತ್ತುವುದಿಲ್ಲ ಎಂಬುದು ನನ್ನ ಆಕ್ಷೇಪ. ವಿಶ್ರಾಂತಿಯಲ್ಲಿರುವ ವಯಸ್ಕರ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ಹರಿಸಲು ಮಾಡುವ ಕೆಲಸ ಒಂದೂವರೆ ವ್ಯಾಟ್‌ನ ಆಸುಪಾಸಿನದು. ಮನೆಯ ಎಲ್‌ಇಡಿ ಬಲ್ಬಿಗೂ ಅದು ಸಾಲದು.

ನಾಳ ಕಿರಿದಾದರೆ ಹರಿವಿಗೆ ತಡೆ ಹೆಚ್ಚುತ್ತದೆ, ಹಿರಿದಾದರೆ ಅದನ್ನು ತುಂಬುವ ರಕ್ತವನ್ನು ಪೋಷಿಸುವ ಖರ್ಚು ಹೆಚ್ಚುತ್ತದೆ. ಇವೆರಡರ ಒಟ್ಟು ವೆಚ್ಚ ಕನಿಷ್ಠವಾಗಬೇಕಾದರೆ ಮೂಲನಾಳದ ತ್ರಿಜ್ಯದ ಘನವು ಕವಲುಗಳ ತ್ರಿಜ್ಯಗಳ ಘನಗಳ ಮೊತ್ತಕ್ಕೆ ಸಮವಾಗಿರಬೇಕೆಂದು ಶರೀರಕ್ರಿಯಾ ವಿಜ್ಞಾನಿ ಸೆಸಿಲ್ ಮರ್ರೆ 1926ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಎರಡು ಸಮ ಕವಲಾಗಿ ಒಡೆದ ನಾಳದಲ್ಲಿ ಪ್ರತಿ ಕವಲಿನ ಅಗಲ ಮೂಲದ ಶೇ 79ರಷ್ಟಿರಬೇಕು ಎಂದಾಯಿತು. ಸಣ್ಣ ಅಪಧಮನಿಗಳು ಈ ಸೂತ್ರಕ್ಕೆ ಬಹುಮಟ್ಟಿಗೆ ಹತ್ತಿರವಿವೆ. ಮಿಡಿತದ ಅಲೆ ಹಾಯುವ ಮಹಾಪಧಮನಿಗೆ ಮಾತ್ರ ಅದು ಅಷ್ಟಾಗಿ ಒಗ್ಗದು.

ತ್ರಿಜ್ಯ ಅರ್ಧಕ್ಕಿಳಿದರೆ ಅಷ್ಟೇ ಹರಿವಿಗೆ 16 ಪಟ್ಟು ಒತ್ತಡ ಬೇಕೆಂಬ ಪ್ವಾಸೋಯ್ ನಿಯಮವನ್ನು ಭೌತಶಾಸ್ತ್ರದಲ್ಲಿ ಓದಿದವರಿಗೂ, ಕಿರುನಾಳಗಳು ತುಸು ಬಿಗಿದರೆ ಬಿಪಿ ಏರುವುದೇಕೆಂದು ಹೊಳೆಯುವುದು ಅಪರೂಪ. ಈ ನಂಟನ್ನು ಚಿತ್ರಸಹಿತ ವಿವರಿಸುವ ಲೇಖನವನ್ನು ತಮ್ಮ ವಿಜ್ಞಾನ ಪುಟದಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ.

– ಓದುಗ, ಧಾರವಾಡ